ಅಂಗಳಕ್ಕೆ ಬಿದ್ದ ಹನ್ನೊಂದು ಗಡಿಯಾರ

ಇನ್ಸ್‌ಪೆಕ್ಟರಮ್ಮ ಬಂದಾಗ ಬೆಳಿಗ್ಗೆ ಒಂಬತ್ತೂವರೆ. ಕೆಳಮನೆಯ ಸಾಮಾನೆಲ್ಲ ಅಂಗಳದಲ್ಲಿ ಬಿದ್ದಿತ್ತು. ಮಂಚ, ಹಾಸಿಗೆ, ಪಾತ್ರೆ. ಅವುಗಳ ಮೇಲೆ ಹನ್ನೊಂದು ಗೋಡೆ ಗಡಿಯಾರ, ಗಾಜು ಪುಡಿಪುಡಿ. ಬಾಗಿಲ ಚಿಲಕ ಕಿತ್ತು ನೇತಾಡುತ್ತಿತ್ತು.

ಬಾಡಿಗೆದಾರ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಗಡಿಯಾರ ರಿಪೇರಿಯವನು, ಒಂಟಿ ಜೀವ. ಹತ್ತೊಂಬತ್ತು ವರ್ಷದಿಂದ ಇಲ್ಲೇ ವಾಸ, ಇಲ್ಲೇ ಕೆಲಸ.

“ಹಾಲು ತರೋಕೆ ಹೋಗಿದ್ದೆ ಮೇಡಂ. ಬರೋಷ್ಟರಲ್ಲಿ ಹೀಗಾಗಿತ್ತು. ಮನೆ ಓನರ್ ಟೀಚರಮ್ಮ ಇದ್ದಾರಲ್ಲ, ಅವರ ತಮ್ಮಂದೇ ಕೆಲಸ. ಹೋದ ವಾರ ಎಲ್ಲರೆದುರು ‘ಸಾಮಾನು ಆಚೆ ಎಸೀತೀನಿ’ ಅಂದಿದ್ದ.”

* * *

ಮಾಲೀಕರು ಮಹಡಿಯಲ್ಲಿದ್ದರು. ಟೀಚರಮ್ಮನ ಗಂಡನಿಗೆ ಪಾರ್ಶ್ವವಾಯು. ವಾರಕ್ಕೆರಡು ಸಲ ಅವರನ್ನು ಕುರ್ಚಿ ಸಮೇತ ಹೊತ್ತು ಹದಿನೆಂಟು ಮೆಟ್ಟಿಲು ಇಳಿಸಿ ಆಸ್ಪತ್ರೆಗೆ ಒಯ್ಯಬೇಕು. ಅದಕ್ಕೇ ಕೆಳಮನೆ ಬೇಕಿತ್ತು.

“ಅಂದಿದ್ದು ನಿಜ,” ತಮ್ಮ ತಲೆತಗ್ಗಿಸಿದ. “ಆದ್ರೆ ಏಳು ಗಂಟೆಯಿಂದ ಅಕ್ಕ, ಭಾವನ ಜೊತೆ ಆಸ್ಪತ್ರೆಲೇ ಇದ್ದೆ. ಈಗಷ್ಟೇ ಬಂದ್ವಿ.”

“ಆಳು ಕಳಿಸಿರಬಹುದಲ್ಲ?”

ಟೀಚರಮ್ಮ ನಡುವೆ ಬಂದರು. “ನೋಟಿಸ್ ಕೊಟ್ವಿ, ಕೋರ್ಟಿಗೆ ಹೋದ್ವಿ. ಮೂರು ವರ್ಷ ಕಾದ್ವಿ. ತೀರ್ಪು ನಾಳೆ ಇದೆ. ನಾಳೆ ಸಿಗೋದನ್ನ ಇವತ್ತು ಕಿತ್ಕೊಳ್ಳೋಕೆ ನಂಗೇನು ಹುಚ್ಚಾ?”

ಮಾತು ಸರಿಯಾಗಿತ್ತು. ಹಾಗಾದರೆ ಈ ರಂಪದಿಂದ ಲಾಭ ಯಾರಿಗೆ?

* * *

ಇನ್ಸ್‌ಪೆಕ್ಟರಮ್ಮ ಕೆಳಗಿಳಿದು ಒಂದು ಗಡಿಯಾರ ಎತ್ತಿದರು. ಹಗುರವಾಗಿತ್ತು. ಹಿಂದೆ ತಿರುಗಿಸಿದರೆ ಒಳಗೆ ಯಂತ್ರವೇ ಇಲ್ಲ. ಎರಡನೆಯದೂ ಖಾಲಿ. ಹನ್ನೊಂದೂ ಬರೀ ಡಬ್ಬಿಗಳು.

ಒಳಗೆ ಹೋಗಿ ಗೋಡೆಯ ಬೀರು ತೆರೆದರು. ರಿಪೇರಿಯಾದ ಗಡಿಯಾರಗಳು ಸಾಲಾಗಿದ್ದವು. ಒಂದೊಂದಕ್ಕೂ ಗಿರಾಕಿಯ ಚೀಟಿ, ಹಳೇ ಪತ್ರಿಕೆಯ ಸುತ್ತು.

ಎಲ್ಲರನ್ನೂ ಅಂಗಳಕ್ಕೆ ಕರೆದರು.

“ಸಾಮಾನು ಎಸೆಯೋಕೆ ಬಂದ ರೌಡಿಗಳು ಕೈಗೆ ಸಿಕ್ಕಿದ್ದನ್ನ ಎಸೀತಾರೆ. ಕೆಟ್ಟದ್ದನ್ನೇ ಆರಿಸಿ ಎಸೆದು, ಒಳ್ಳೇದನ್ನ ಸುತ್ತಿಟ್ಟು ಹೋಗ್ತಾರಾ? ಯಾವುದು ಖಾಲಿ ಅಂತ ಗೊತ್ತಿದ್ದದ್ದು ನಿಮಗೊಬ್ಬರಿಗೇ.”

ರಿಪೇರಿಯವನು ಮನೆಯೊಳಗಿನ ಬೀರುವಿನತ್ತ ನೋಡಿದ. “ಅವು ಗಿರಾಕಿಗಳದ್ದು ಮೇಡಂ... ಒಡೆಯೋಕೆ ಕೈ ಬರಲಿಲ್ಲ.”

“ಯಾಕೆ ಮಾಡಿದ್ರಿ?”

“ಬಲವಂತವಾಗಿ ಹೊರಹಾಕಿದ್ರು ಅಂತಾದ್ರೆ ತೀರ್ಪು ಮುಂದಕ್ಕೆ ಹೋಗುತ್ತೆ ಅನ್ಕೊಂಡೆ. ನಾಳೇನೇ ಬೀದಿಪಾಲಾಗ್ತೀನಿ ಅಂತ ಭಯ ಆಯ್ತು.”

“ತೀರ್ಪು ಬಂದ್ರೂ ಅವರು ನಿಮ್ಮನ್ನ ಕೈಹಿಡಿದು ತಳ್ಳೋ ಹಾಗಿಲ್ಲ. ಕೋರ್ಟಿನ ಅಮೀನನೇ ಆದೇಶ ತಂದು ಖಾಲಿ ಮಾಡಿಸಬೇಕು. ಮನೆ ಹುಡುಕೋಕೆ ಸಮಯ ಬೇಕಂದ್ರೆ ಜಡ್ಜ್ ಹತ್ರ ಕೇಳ್ಬಹುದಿತ್ತು. ಸುಳ್ಳು ದೂರಿಗೆ ನಿಮ್ಮ ಮೇಲೇ ಕೇಸಾಗುತ್ತೆ, ಗೊತ್ತಾ?”

ಟೀಚರಮ್ಮ ನಿಟ್ಟುಸಿರಿಟ್ಟರು. “ಬೇಡ ಬಿಡಿ ಮೇಡಂ. ನಿಜ ಏನೂಂತ ಬರೆಸಿಕೊಳ್ಳಿ, ಸಾಕು.”

ಇನ್ಸ್‌ಪೆಕ್ಟರಮ್ಮ ಹೇಳಿಕೆ ಬರೆಸಿ, ಎಚ್ಚರಿಕೆ ಕೊಟ್ಟು ಹೊರಟರು.

* * *

ಮರುದಿನ ತೀರ್ಪು ಟೀಚರಮ್ಮನ ಕಡೆಗಾಯಿತು. ರಿಪೇರಿಯವನು ಕೈಮುಗಿದು ಆರು ತಿಂಗಳು ಕೇಳಿದ. ಆಕ್ಷೇಪಿಸಲು ಎದ್ದ ತಮ್ಮದೇ ಕಡೆಯ ವಕೀಲರ ಕೋಟು ಜಗ್ಗಿ ಟೀಚರಮ್ಮ ಅವರನ್ನು ಕೂರಿಸಿದರು. ಆರು ತಿಂಗಳು ಸಿಕ್ಕಿತು.

ಅವನು ನಾಲ್ಕನೇ ತಿಂಗಳಿಗೇ ಖಾಲಿ ಮಾಡಿದ. ಪಕ್ಕದ ರಸ್ತೆಯಲ್ಲೇ ಒಂದು ಕೋಣೆ ಸಿಕ್ಕಿತ್ತು. ಹುಡುಕಿಕೊಟ್ಟವನು ಟೀಚರಮ್ಮನ ತಮ್ಮ, ಬಯ್ಯುತ್ತಲೇ.