ಪರದೆಯ ಎಡಮೂಲೆ

ಹಬ್ಬದ ಬೆಳಿಗ್ಗೆ ಚರ್ಚಿನಲ್ಲಿ ಕೈಗೊಂಬೆ ಆಡಿಸುವುದು ನಾನು, ನನ್ನ ನಾದಿನಿ ಇಬ್ಬರೇ. ಪರದೆಯ ಹಿಂದೆ ಮಂಡಿಯೂರಿ ಕೂತರೆ ಮುಂದಿನದೇನೂ ಕಾಣದು. ಮಕ್ಕಳ ನಗು ಕೇಳಿಸಿಕೊಂಡೇ ಆಟ ಮುಂದುವರಿಸಬೇಕು. ಆ ವರ್ಷ ಮೊದಲ ಸಾಲಿನಲ್ಲಿ ನನ್ನ ಮಗಳು ಪುಟ್ಟಿಯೂ ಇದ್ದಳು.

ದೇವದೂತನ ಮಾತು ಮುಗಿದು ನಾವು ಸುಮ್ಮನಿದ್ದಾಗ ಮಕ್ಕಳೆಲ್ಲ ಒಟ್ಟಿಗೆ “ಹೂಂ!” ಎಂದರು. ನಾವೇನೂ ಕೇಳಿರಲಿಲ್ಲ. ಆಮೇಲೆ “ಪುಟ್ಟಿ ಇಲ್ಲೇ ಇದ್ದಾಳೆ!” ಎಂದು ಕೂಗಿದರು.

ನಾದಿನಿ ಪರದೆಯಲ್ಲಿದ್ದ ಸಣ್ಣ ತೂತಿಗೆ ಕಣ್ಣಿಟ್ಟಳು. “ಅತ್ತಿಗೆ, ಎಲ್ರೂ ಎಡಮೂಲೆ ನೋಡ್ತಿದಾರೆ. ಪುಟ್ಟಿ ಎದ್ದು ಆ ಕಡೆನೇ ಬರ್ತಿದಾಳೆ!”

ಅಲ್ಲಿ ಪರದೆ ಗೋಡೆಗೆ ಅಂಟಿಕೊಂಡಿತ್ತು, ಬೆಕ್ಕು ನುಸುಳುವಷ್ಟೂ ಜಾಗವಿರಲಿಲ್ಲ. ಗೊಂಬೆಯನ್ನೂ ಕಳಚದೆ ಹೊರಗೆ ಓಡಿದೆ. ಪುಟ್ಟಿ ತುದಿಗಾಲಲ್ಲಿ ನಿಂತು ಬಲಗೈ ಮೇಲಕ್ಕೆ ಚಾಚಿದ್ದಳು. ಅವಳನ್ನು ಎಳೆದರೆ ಆ ಕೈ ಬರಲಿಲ್ಲ. ಮೈಯ ಬಲವನ್ನೆಲ್ಲ ಹಾಕಿ ಎಳೆದಾಗ ಹಿಡಿತ ಬಿಟ್ಟಿತು.

“ಕೈ ಕೊಡು ಅಂದ್ರು ಅಮ್ಮ, ಕೊಟ್ಟೆ.”

“ಯಾರೇ?”

“ಗೊಂಬೆ ತಾತ.”

ನಮ್ಮ ಪೆಟ್ಟಿಗೆಯಲ್ಲಿ ತಾತನ ಗೊಂಬೆ ಯಾವತ್ತೂ ಇರಲಿಲ್ಲ. ಪುಟ್ಟಿಗೆ ಈಗ ಮದುವೆಯಾಗಿದೆ. ಬಿಸಿ ಲೋಟ ಹಿಡಿದು ಕೂತಿದ್ದಾಗಲೂ ಅವಳ ಆ ಬಲಗೈ ತಣ್ಣಗೇ ಇರುತ್ತದೆ.