ಗರಿ ಕಟ್ಟಿದ ಕಾಡು

“ಕೈ ತೆಗಿಯೋ ಕಾಲ್ಮೆಟ್! ಗರಿ ಕಾಣಿಸಲ್ವಾ ನಿಂಗೆ?”

ಆಲದ ಬೇರಿನ ಸಂದಿಯಿಂದ ಕಾಲ್ಮೆಟ್ ತಲೆ ಎತ್ತಿದ. ಅವನ ಕೈಯಲ್ಲಿ ದೊಡ್ಡ ತೆಂಗಿನೇಡಿಯೊಂದು ಕಾಲು ಬಡಿಯುತ್ತಿತ್ತು. ದಾರಿಯ ಗೂಟಕ್ಕೆ ಈಚಲಿನಂಥ ನಮೆಲೆ ಗಿಡದ ಗರಿ ಕಟ್ಟಿತ್ತು. ವನವಾಟುವಿನ ಆ ಪುಟ್ಟ ದ್ವೀಪದಲ್ಲಿ ಗರಿ ಕಟ್ಟಿದರೆ ಮುಗಿಯಿತು. ಬಿಚ್ಚುವ ತನಕ ಆ ಕಾಡಿನ ಏಡಿಯನ್ನು ಯಾರೂ ಮುಟ್ಟುವಂತಿಲ್ಲ.

“ಮೆಲ್ಲಗೆ ಮಾತಾಡೇ ಲೇಮಾಸ್. ಅಮ್ಮಂಗೆ ಜ್ವರ. ಬರೀ ಅನ್ನ ಬಾಯಿಗೆ ಸೇರ್ತಿಲ್ಲ.”

ಸೈಕ್ಲೋನ್ ಬಂದು ಹೋದ ಮೇಲೆ ಎಲ್ಲರ ಪಾಡೂ ಅದೇ. ಉಪ್ಪುಗಾಳಿಗೆ ಕೆಸುವಿನ ತೋಟಗಳು ಸುಟ್ಟು ಕರಕಲಾಗಿದ್ದವು. ಹಡಗಿನಲ್ಲಿ ಬಂದ ಅಕ್ಕಿ, ಡಬ್ಬಿ ಮೀನು. ಅಷ್ಟೇ ಊಟ.

“ಇದು ಇಷ್ಟು ದಪ್ಪ ಆಗೋಕೆ ನಮ್ಮಪ್ಪನ ವಯಸ್ಸು ಬೇಕು, ಗೊತ್ತಾ? ಹಿಡೀತಾ ಹೋದ್ರೆ ಒಂದೂ ಉಳಿಯಲ್ಲ ಅಂತ ಬುಬು ಹೇಳಿದಾರೆ.”

“ನಿಮ್ಮ ಬುಬು! ಹೋಗು, ಚಾಡಿ ಹೇಳು. ಅದೊಂದು ಚೆನ್ನಾಗಿ ಬರುತ್ತೆ ನಿಂಗೆ.”

ಹೇಳಿಯೇ ಬಿಟ್ಟಳು. ಬುಬು ಅವಳ ಅಜ್ಜ, ಊರಿನ ಯಜಮಾನ. ಸಂಜೆ ಎಲ್ಲರೆದುರು ಅವಳ ತಲೆ ಸವರಿ, “ಕಾಡು ಉಳಿಯೋದು ಇಂಥ ಮಕ್ಕಳಿಂದ” ಎಂದ. ಏಡಿಯನ್ನು ಮತ್ತೆ ಕಾಡಿಗೆ ಬಿಡಿಸಿದ. ಕಾಲ್ಮೆಟ್‌ನ ಮನೆಗೆ ಒಂದು ಹಂದಿಯ ದಂಡ ಬಿತ್ತು. ಅವರಿಗಿದ್ದದ್ದು ಒಂದೇ ಹಂದಿ. ಕಾಲ್ಮೆಟ್ ಅಳಲಿಲ್ಲ. ಬುಬುವಿನ ಹಿತ್ತಲಿಗೆ ತಾನೇ ಅದನ್ನು ಎಳೆದು ತಂದು ಕಟ್ಟಿ ಹೋದ. ಮಾರನೆಯ ದಿನದಿಂದ ಶಾಲೆಯಲ್ಲಿ ಲೇಮಾಸ್ ಪಕ್ಕ ಕೂರಲಿಲ್ಲ.

ಅದಾದ ಕೆಲವು ದಿನಕ್ಕೆ ದೊಡ್ಡ ಬಿಳಿ ಹಡಗು ಬಂತು. ಟೂರಿಸ್ಟುಗಳು ಇಳಿದರು. ಬುಬು ಗೂಟದ ಬಳಿ ಹೋಗಿ ಗರಿ ಬಿಚ್ಚಿ ಪೊದೆಗೆ ಎಸೆದ.

“ಬುಬು, ಗೆಣಸಿನ ಹಬ್ಬದ ತನಕ ಬಿಚ್ಚಬಾರದು ಅಂದಿದ್ರಿ?”

“ಕಟ್ಟಿದೋನು ನಾನು, ಬಿಚ್ಚೋನೂ ನಾನೇ. ದೊಡ್ಡದು ಎಲ್ಲಿದೆ ತೋರಿಸು, ನಡಿ. ಗೆಸ್ಟ್‌ಗಳು ಕಾಯ್ತಿದಾರೆ.”

ಲೇಮಾಸ್ ತೋರಿಸಿದಳು. ಅದೇ ಆಲದ ಬೇರು, ಅದೇ ಏಡಿ. ಅದು ಬೇರನ್ನು ಬಿಗಿಯಾಗಿ ಕಚ್ಚಿ ಹಿಡಿದಿತ್ತು. ದೊಡ್ಡವರು ಜಗ್ಗಿ ಎಳೆದರು. ಹಡಗಿನವರು ಚಪ್ಪಾಳೆ ತಟ್ಟಿ ಫೋಟೋ ತೆಗೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಅದು ತೆಂಗಿನ ಹಾಲಿನಲ್ಲಿ ಬೆಂದಿತ್ತು. ದಾರಿ ತೋರಿಸಿದ್ದಕ್ಕೆಂದು ಲೇಮಾಸ್‌ಗೂ ಎಲೆಯಲ್ಲಿ ಸುತ್ತಿ ಅದರ ಒಂದು ಕೊಂಡಿಗಾಲು ಕೊಟ್ಟರು.

ಅವಳು ತಿನ್ನಲಿಲ್ಲ. ಎಲೆಯ ಗಂಟು ಹಿಡಿದು ಕಾಲ್ಮೆಟ್‌ನ ಮನೆಗೆ ಓಡಿದಳು.

“ಏನಿದು?” ಎಂದ ಕಾಲ್ಮೆಟ್, ಬಾಗಿಲಿಗೆ ಅಡ್ಡ ನಿಂತು.

“ಆಂಟಿಗೆ.”

“ಬೇಡ. ತಗೊಂಡ್ ಹೋಗು.”

“ಯಾರೋ ಅದು?” ಒಳಗಿಂದ ಅವನ ಅಮ್ಮ ಕೂಗಿದಳು. “ಬಾ ಮಗಳೇ.”

ಆಂಟಿ ಚಾಪೆಯ ಮೇಲೆ ಎದ್ದು ಕೂತಳು. ಕಲ್ಲಿನಿಂದ ಚಿಪ್ಪು ಒಡೆದು ನಿಧಾನವಾಗಿ ತಿಂದಳು. ಬೆರಳು ಚೀಪಿದಳು.

“ಬಾಯಿಗೆ ರುಚಿ ಬಂತು ನೋಡು. ಯಾರು ಹಿಡಿಸಿದ್ದು?”

“ಬುಬು.”

“ಹೌದಾ.” ಆಂಟಿ ಚಿಪ್ಪನ್ನು ಎಲೆಯ ಮೇಲಿಟ್ಟಳು. “ಹಾಗಾದ್ರೆ ಅವರು ಕೊಡಬೇಕಾದ ದಂಡದ ಹಂದಿ ಯಾರ ಹಿತ್ತಲಿಗೆ ಹೋಯ್ತಮ್ಮ?”

ದನಿಯಲ್ಲಿ ಸಿಟ್ಟೇ ಇರಲಿಲ್ಲ. ಕಾಲ್ಮೆಟ್ ಹೊರಗೆ ನೋಡುತ್ತ ನಿಂತಿದ್ದ.

ಲೇಮಾಸ್ ಚಿಪ್ಪಿನ ಚೂರುಗಳನ್ನು ಎಲೆಯಲ್ಲಿ ಸುತ್ತತೊಡಗಿದಳು. ಬೆಳಿಗ್ಗೆ ಹಿತ್ತಲಲ್ಲಿ ಕೊಬ್ಬರಿ ಹಾಕುವಾಗ, ಕಾಲ್ಮೆಟ್ ಕಟ್ಟಿ ಹೋದ ಹಂದಿಯ ಬೆನ್ನು ತಟ್ಟಿ ‘ನಮ್ಮ ಹಂದಿ’ ಎಂದು ಕರೆದದ್ದು ಅವಳೇ.