ಒಂದು ಗಂಟೆ ಬಾಗಿಲು ಬಡಿಯಬೇಡಿ

“ಡಿಕ್ಕಿ ಮುಟ್ಟಿದ್ರೆ ಕೈ ಇರಲ್ಲ!”

ಚಾಕುವಿನ ತುದಿ ನನ್ನ ಕಿವಿಯ ಕೆಳಗೆ ತಣ್ಣಗೆ ಕೂತಿತ್ತು.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ನಿಧಾನವಾಗಿ... ಇಪ್ಪತ್ತು ವರ್ಷ ಗಾಜಿನೊಡನೆ ಬದುಕಿದವನು ನಾನು. ಹರಿತವಾದದ್ದರ ಮುಂದೆ ಅವಸರ ಮಾಡಬಾರದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೇಳಿ. ನನ್ನದು ಕಾರಿಗೆ ಗ್ಲಾಸ್ ಹಾಕುವ ಅಂಗಡಿ. ಒಂದು ಶೆಡ್, ಒಂದು ವ್ಯಾನ್, ನಾನೊಬ್ಬನೇ. ಕಾರುಗಳನ್ನು ನೀರು ದಾಟಿಸುವ ಫೆರ್ರಿಯ ಜೆಟ್ಟಿಗೆ ಹೋಗುವ ರಸ್ತೆಯಲ್ಲಿ ನನ್ನದು ಬಿಟ್ಟರೆ ಇನ್ನೊಂದು ಗ್ಲಾಸ್ ಅಂಗಡಿ ಇಲ್ಲ. ಅಂದು ಮಧ್ಯಾಹ್ನ ಮೂರೂವರೆಗೆ ಒಂದು ಬಿಳಿ ಕಾರು ಶೆಡ್ಡಿನೊಳಗೆ ನುಗ್ಗಿತು. ಹಿಂದಿನ ಗ್ಲಾಸ್ ಪೂರ್ತಿ ಪುಡಿ!

ಇಳಿದವರು ಇಬ್ಬರು. ಒಬ್ಬ ಆ ಸೆಕೆಯಲ್ಲೂ ಚರ್ಮದ ಜಾಕೆಟ್ ತೊಟ್ಟಿದ್ದ. ಅವನನ್ನು ಜಾಕೆಟ್ ಎಂದೇ ಕರೆಯೋಣ. ಇನ್ನೊಬ್ಬ ನಿಮಿಷಕ್ಕೊಮ್ಮೆ ಮೂಗೆಳೆಯುತ್ತಿದ್ದ. ಅವನು ನೆಗಡಿ. ಚಾಕು ನೆಗಡಿಯ ಕೈಯಲ್ಲಿತ್ತು. ಜಾಕೆಟ್‌ನ ಸೊಂಟದಲ್ಲಿ ಪಿಸ್ತೂಲು.

ನಾನು ಮಾಡಿದ ತಪ್ಪು ಇಷ್ಟೇ. ಗಾಜಿನ ಚೂರು ತೆಗೆಯೋಣವೆಂದು ಡಿಕ್ಕಿಯ ಹಿಡಿಗೆ ಕೈ ಹಾಕಿದ್ದೆ.

“ಐದೂವರೆ ಫೆರ್ರಿ ಹಿಡೀಬೇಕು,” ಎಂದ ಜಾಕೆಟ್. “ಗ್ಲಾಸ್ ಒಡೆದ ಕಾರನ್ನ ಅಲ್ಲಿನ ಗಾರ್ಡ್ ಹತ್ತಿಸ್ಕೊಳ್ಳಲ್ಲ. ಎಷ್ಟು ಹೊತ್ತು ಬೇಕು?”

“ಹಾಕೋಕೆ ಒಂದು ಗಂಟೆ. ಅಂಟು ಹಿಡಿಯೋಕೆ ಇನ್ನೊಂದು ಗಂಟೆ.”

“ಹಾಕು. ಹಿಡಿಯೋದೆಲ್ಲ ದಾರೀಲಿ ಹಿಡೀಲಿ.”

“ಹಾಗಾಗಲ್ಲ. ಮತ್ತೆ, ಚೂರು ತೆಗೀಬೇಕಂದ್ರೆ ಡಿಕ್ಕಿ...”

“ಕಿವಿ ಕೇಳಿಸಲ್ವೇನೋ ನಿಂಗೆ?”

“ಆ... ಆಕ್ಷೀ!”

ನೆಗಡಿ ಸೀನಿದ. ಚಾಕು ಸ್ವಲ್ಪ ಒಳಗಿಳಿಯಿತು. ಒಂದು ಹನಿ ರಕ್ತ ನನ್ನ ಕಾಲರಿಗೆ ಬಿತ್ತು.

“ಸಾರಿ,” ಎಂದ ನೆಗಡಿ.

ಪಾಪ, ಸಂಭಾವಿತ!

ನಾನು ಕೆಲಸಕ್ಕೆ ಇಳಿದೆ. ಬೇರೆ ದಾರಿ ಎಲ್ಲಿತ್ತು? ನನ್ನ ಫೋನು ಆಗಲೇ ಜಾಕೆಟ್‌ನ ಬೂಟಿನ ಕೆಳಗೆ ಪುಡಿಯಾಗಿತ್ತು.

ಈ ಹಿಂದಿನ ಗ್ಲಾಸ್ ಇದೆಯಲ್ಲ, ಅದನ್ನು ಸ್ಕ್ರೂ ಹಾಕಿ ಕೂರಿಸುವುದಿಲ್ಲ. ಎಲ್ಲವೂ ಅಂಟಿನ ಮೇಲೆ ನಿಂತಿರುತ್ತದೆ. ಚೌಕಟ್ಟಿನ ಸುತ್ತ ಕಪ್ಪು ಅಂಟನ್ನು ಬೆರಳಿನಷ್ಟು ದಪ್ಪ ಎಳೆದು ಅದರ ಮೇಲೆ ಗ್ಲಾಸ್ ಒತ್ತಬೇಕು. ಹಳೆಯ ಅಂಟನ್ನು ಬುಡಮಟ್ಟ ಕೆರೆಯಬಾರದು. ತೆಳ್ಳಗೆ ಒಂದು ಪದರ ಉಳಿಸಿಕೊಂಡರೆ ಹೊಸದು ಅದನ್ನೇ ಹಿಡಿದುಕೊಳ್ಳುತ್ತದೆ.

ಬ್ಲೇಡು ಹಿಡಿದು ಹಳೆಯ ಅಂಟನ್ನು ಸವರುತ್ತ ಬಂದೆ. ಮೇಲೆ, ಎಡಕ್ಕೆ, ಕೆಳಕ್ಕೆ... ಬಲಗಡೆಯ ಕೆಳಮೂಲೆಗೆ ಬಂದಾಗ ಕೈ ನಿಂತಿತು.

ಅಲ್ಲಿ ಅಂಟು ಎರಡು ಪದರ ಇತ್ತು. ಸೋರಿದ ಮೇಲೆ ತೇಪೆ ಹಾಕಿದ ಹಾಗೆ. ತೇಪೆಯ ತುದಿಯಲ್ಲಿ ಒಂದು ಹೆಬ್ಬೆರಳಿನ ಗುಳಿ.

ಎಲ್ಲರೂ ಅಂಟಿನ ಕೊನೆಯನ್ನು ಕೆಳಗಡೆ ನಡುಮಧ್ಯ ಕೂಡಿಸುತ್ತಾರೆ. ಬಲಮೂಲೆಯಲ್ಲಿ ಕೂಡಿಸಿ ಹೆಬ್ಬೆರಳಿನಿಂದ ಒತ್ತುವವನು ಈ ಊರಿನಲ್ಲಿ ಒಬ್ಬನೇ.

ನಾನು!

ನಂಬರ್ ಪ್ಲೇಟು ನೋಡಿದೆ. ಬೇರೆ ನಂಬರು. ಆದರೆ ಸ್ಕ್ರೂಗಳು ಫಳಫಳ ಹೊಳೆಯುತ್ತಿದ್ದವು. ಇವತ್ತೇ ಬಿಗಿದದ್ದು.

ಇದು ನನ್ನ ಅಕ್ಕನ ಟ್ಯಾಕ್ಸಿ.

ಅಕ್ಕ ನನ್ನೊಡನೆ ಮಾತು ಬಿಟ್ಟು ಎರಡು ವರ್ಷ. ಕಾರಣ ಇದೇ ಗ್ಲಾಸು. ನಾನು ಹಾಕಿಕೊಟ್ಟ ಮೂರನೆಯ ದಿನವೇ ನೀರು ಸೋರಿ ಅವಳ ಹಿಂದಿನ ಸೀಟು ನೆನೆದಿತ್ತು. ನಾಲ್ಕು ಗಿರಾಕಿಗಳ ಮುಂದೆ ನನ್ನ ಮಾನ ಹರಾಜು ಹಾಕಿದಳು. ನಾನೂ ಬಿಡಲಿಲ್ಲ. ತೇಪೆ ಹಾಕಿ, ಕೀಲಿಕೈಯನ್ನು ಅವಳ ಕಾಲಬಳಿ ಎಸೆದೆ. ಅಲ್ಲಿಗೆ ಮುಗಿಯಿತು. ಅಮ್ಮನ ಫೋನಿನಲ್ಲಿ ಮಾತ್ರ ಅವಳ ಸುದ್ದಿ ಬರುತ್ತಿತ್ತು.

ಮೊನ್ನೆ ಬಂದ ಸುದ್ದಿ ಇದು. ಒಬ್ಬ ದೊಡ್ಡ ಮನುಷ್ಯನ ಮಗ ಅಕ್ಕನ ಟ್ಯಾಕ್ಸಿಯಲ್ಲೇ ಒಬ್ಬನನ್ನು ಹೊಡೆದು ಕೊಂದಿದ್ದ. ಕಣ್ಣಾರೆ ಕಂಡವಳು ಅಕ್ಕ ಒಬ್ಬಳೇ. ನಾಳೆ ಬೆಳಗ್ಗೆ ಕೋರ್ಟಿನಲ್ಲಿ ಅವಳ ಸಾಕ್ಷಿ.

ಹಾಗಾದರೆ ಡಿಕ್ಕಿಯಲ್ಲಿ...?

ಬದುಕಿದ್ದಾಳೋ ಇಲ್ಲವೋ?

ಹಿಂದಿನ ಸೀಟಿಗೂ ಗ್ಲಾಸಿಗೂ ನಡುವೆ ಒಂದು ಹಲಗೆ ಇರುತ್ತದೆ. ಕಾರಿನ ಒಳಗಿನಿಂದ ಡಿಕ್ಕಿಗೆ ಅದೇ ಮುಚ್ಚಳ. ಅದರ ಮೇಲೆ ಇವರು ಕಂಬಳಿ ಹೊದಿಸಿ, ಸ್ಟೆಪ್ನಿ ಟಯರನ್ನು ಹೇರಿದ್ದರು.

ಚಿಕ್ಕಂದಿನಲ್ಲಿ ನಾವು ಕಚ್ಚಾಡಿದಾಗ ಅಪ್ಪ ನಮ್ಮನ್ನು ಬೇರೆ ಬೇರೆ ಕೋಣೆಗೆ ಹಾಕುತ್ತಿದ್ದ. ನಡುವೆ ಒಂದು ಗೋಡೆ. ಒಂದು ಸಲ ತಟ್ಟಿದರೆ ರಾಜಿ. ಎರಡು ಸಲ ತಟ್ಟಿದರೆ, ಇನ್ನೂ ಇಲ್ಲ.

ಬ್ಲೇಡಿನ ಹಿಡಿಯಿಂದ ಚೌಕಟ್ಟಿಗೆ ಒಂದು ಸಲ ತಟ್ಟಿದೆ.

ಟಕ್.

ನೆಗಡಿ ಮೂಗೆಳೆದ.

ಆಮೇಲೆ ಹಲಗೆಯ ಕೆಳಗಿನಿಂದ, ಮೆಲ್ಲಗೆ...

ಟಕ್, ಟಕ್.

ಇನ್ನೂ ಇಲ್ಲವಂತೆ! ಕೈಕಾಲು ಕಟ್ಟಿಸಿಕೊಂಡು ಬಿದ್ದಿದ್ದರೂ ಸಿಟ್ಟು ಇಳಿದಿಲ್ಲ ಮಹಾರಾಯ್ತಿಗೆ! ನನಗೆ ಅಳು ಬಂತು, ನಗುವೂ ಬಂತು. ಎರಡನ್ನೂ ನುಂಗಿಕೊಂಡೆ.

“ಏನದು ಸದ್ದು?” ಜಾಕೆಟ್ ಎದ್ದು ನಿಂತ.

“ಅಂಟು ಗಟ್ಟಿ ಇದೆಯಾ ಅಂತ ತಟ್ಟಿ ನೋಡ್ತೀವಿ. ಆ ಟಯರ್ ತೆಗೀರಿ, ಕೈ ಹೋಗ್ತಿಲ್ಲ.”

ಬೈಯುತ್ತ ಟಯರನ್ನು ಹಿಂದಿನ ಸೀಟಿಗೆ ಉರುಳಿಸಿದ. ನಾನು ಚೂರು ಹೀರುವ ವ್ಯಾಕ್ಯೂಮ್ ಹಚ್ಚಿದೆ. ಅದರ ಗದ್ದಲದಲ್ಲಿ ಹಲಗೆಯ ಎರಡೂ ಕಡೆಯ ಕೊಕ್ಕೆ ಬಿಡಿಸಿದೆ. ಅಂಚಿನ ಸಂದಿಯಲ್ಲಿ ಒಂದು ಹೊಸ ಬ್ಲೇಡನ್ನು ಕೆಳಕ್ಕೆ ಜಾರಿಸಿದೆ. ಒಂದು ಬೆರಳು ಅದನ್ನು ಮೆಲ್ಲಗೆ ಎಳೆದುಕೊಂಡಿತು.

ಇನ್ನು ಗ್ಲಾಸು.

ಚೌಕಟ್ಟನ್ನು ಒರೆಸಲು ನನ್ನಲ್ಲಿ ಎರಡು ಬಟ್ಟೆಗಳಿವೆ. ಬಿಳಿಯದು ಕ್ಲೀನರ್ ಬಟ್ಟೆ. ಹಳದಿಯದು ಡ್ಯಾಶ್‌ಬೋರ್ಡಿಗೆ ಪಾಲಿಶ್ ಹಚ್ಚುವ ಬಟ್ಟೆ. ಪಾಲಿಶ್ ತಾಗಿದ ಕಡೆ ಪ್ರಪಂಚದ ಯಾವ ಅಂಟೂ ಹಿಡಿಯುವುದಿಲ್ಲ. ಹೊಸಬರು ಈ ಬಟ್ಟೆಗಳನ್ನು ಅದಲುಬದಲು ಮಾಡಿ ಬೈಸಿಕೊಳ್ಳುತ್ತಾರೆ.

ನಾನು ಹಳದಿ ಬಟ್ಟೆಯನ್ನೇ ತೆಗೆದುಕೊಂಡು ಇಡೀ ಚೌಕಟ್ಟನ್ನು ಪ್ರೀತಿಯಿಂದ ಒರೆಸಿದೆ.

ಗ್ಲಾಸಿನ ಅಂಚಿಗೆ ಕಪ್ಪು ಪ್ರೈಮರ್ ಬಳಿದು, ಚೌಕಟ್ಟಿಗೆ ಅಂಟು ಎಳೆದೆ. ಗಾಜಿಗೆ ಗಾಳಿ ಹೀರಿ ಕಚ್ಚಿಕೊಳ್ಳುವ, ಹಿಡಿಯಿರುವ ಎರಡು ರಬ್ಬರ್ ಕಪ್ಪುಗಳಿಂದ ಹೊಸ ಗ್ಲಾಸನ್ನು ಎತ್ತಿ ಕೂರಿಸಿದೆ. ಜಾರದಂತೆ ಅಡ್ಡಡ್ಡ ಟೇಪು ಬಿಗಿದೆ. ನೋಡುವುದಕ್ಕೆ ಭರ್ಜರಿ ಕೆಲಸ!

ಆಮೇಲೆ ಡಿಕ್ಕಿಯ ಪಕ್ಕ ನಿಂತು, ಗಟ್ಟಿ ದನಿಯಲ್ಲಿ ಹೇಳಿದೆ.

“ಸರಿಯಾಗಿ ಕೇಳಿಸ್ಕೊಳ್ಳಿ. ಅಂಟು ಹಸಿ ಇದೆ. ಕಿಟಕಿ ಎರಡು ಬೆರಳು ತೆಗೆದಿಡಿ. ಒಂದು ಗಂಟೆ ಬಾಗಿಲು ಬಡೀಬೇಡಿ. ಕಿಟಕಿ ಮುಚ್ಚಿ ಬಾಗಿಲು ಬಡಿದ್ರೆ ಒಳಗಿನ ಗಾಳಿ ಹಿಂದಿನ ಗ್ಲಾಸನ್ನ ಹೊರಕ್ಕೆ ತಳ್ಳುತ್ತೆ. ಟೇಪ್ ಕೀಳ್ಬೇಡಿ. ಗ್ಲಾಸ್ ಬಿತ್ತು ಅಂದ್ರೆ ಹಿಂದೆ ಎಲ್ಲಾ ಬಯಲು!”

ಪ್ರತಿ ಮಾತೂ ನಿಜ. ದೇವರಾಣೆಗೂ ನಿಜ. ಜಾಕೆಟ್‌ನಂಥವನು ಬೇರೆಯವರ ಮಾತು ಕೇಳುವವನಲ್ಲ ಎಂಬುದೇ ನನ್ನ ಧೈರ್ಯ.

“ನಂಗೇ ಪಾಠ ಹೇಳ್ತೀಯಾ?” ಎಂದ ಅವನು. ಪರಪರನೆ ಟೇಪು ಕಿತ್ತ. “ಇದನ್ನ ನೋಡಿದ್ರೆ ಗಾರ್ಡ್‌ಗೆ ಡೌಟ್ ಬರಲ್ವಾ, ಮುಠ್ಠಾಳ!” ಒಳಗೆ ಕೂತು ಎಲ್ಲ ಕಿಟಕಿಗಳನ್ನೂ ಏರಿಸಿದ. ಏಸಿ ಹಾಕಿದ. ಬಾಗಿಲನ್ನು ಎಳೆದುಕೊಂಡ...

ನಾನು ಗ್ಲಾಸನ್ನೇ ನೋಡಿದೆ.

ಗ್ಲಾಸು ಕೂದಲೆಳೆಯಷ್ಟು ಅದುರಿತು. ಬೀಳಲಿಲ್ಲ. ಬಾಗಿಲು ಮೆತ್ತಗೆ ಬಿದ್ದಿತ್ತು.

“ಫೆರ್ರಿ ಹೊರಡೋ ತನಕ ಇವನ ಜೊತೆ ಇರು,” ಎಂದು ನೆಗಡಿಗೆ ಹೇಳಿದ. “ಆಮೇಲೆ ಮುಗಿಸು.”

ಕಾರು ಹೊರಟುಹೋಯಿತು.

ನಾನು, ನೆಗಡಿ, ನಡುವೆ ಚಾಕು.

“ಕೂತ್ಕೋ,” ಎಂದ.

“ಈ ಪ್ರೈಮರ್ ಡಬ್ಬಿ ಮುಚ್ಚಳ ಹಾಕ್ಲಾ? ಇದರ ವಾಸನೆಗೆ ನಿಮ್ಮ ನೆಗಡಿ ಜಾಸ್ತಿ ಆಗುತ್ತೆ.”

“ಹೌದಾ? ಹಾಕು, ಹಾ... ಹಾ...”

ಸೀನುವಾಗ ಯಾರೂ ಕಣ್ಣು ಬಿಟ್ಟಿರಲಾರರು!

“ಆಕ್ಷೀ!”

ಅವನು ಕಣ್ಣು ತೆರೆಯುವಷ್ಟರಲ್ಲಿ ಡಬ್ಬಿಯ ಕಪ್ಪು ಪ್ರೈಮರ್ ಅವನ ಮುಖದ ಮೇಲಿತ್ತು. ಚಾಕು ಬಿತ್ತು. ಒದ್ದೆ. ಬಿದ್ದ. ಅವನ ಎರಡೂ ಕೈಗಳನ್ನು ಕಂಬಕ್ಕೆ ಸೇರಿಸಿ ಟೇಪು ಸುತ್ತಿದೆ. ಕೊನೆಗೆ ಕಣ್ಣಿನ ಮೇಲೊಂದು ಬಾಟಲಿ ನೀರನ್ನೂ ಸುರಿದೆ. ಅವನು ನನಗೆ ಸಾರಿ ಹೇಳಿದ್ದನಲ್ಲ.

ವ್ಯಾನ್ ಹತ್ತಿದೆ.

ಐದು ಕಿಲೋಮೀಟರ್. ಸಿಗ್ನಲ್ ಕೆಂಪಗಿತ್ತು, ನುಗ್ಗಿಸಿದೆ! ಲಾರಿಯವನೊಬ್ಬ ನನ್ನ ಇಡೀ ವಂಶವನ್ನು ನೆನಪಿಸಿಕೊಂಡ. ರಸ್ತೆಯುದ್ದಕ್ಕೂ ಗಾಜಿನ ಚೂರು ಬಿದ್ದಿದೆಯೇ ಎಂದು ನೋಡುತ್ತಲೇ ಹೋದೆ. ಎಲ್ಲಿಯೂ ಇಲ್ಲ. ಎರಡು ಹಂಪ್ ದಾಟಿದರೂ ಬಿದ್ದಿಲ್ಲ! ಹಾಳಾದ್ದು, ಯಾವತ್ತೂ ನಿಲ್ಲದ ನನ್ನ ಗ್ಲಾಸು ಇವತ್ತೇ ನಿಲ್ಲಬೇಕೆ?

ಜೆಟ್ಟಿ. ಮೂವತ್ತು ಕಾರುಗಳ ಸಾಲು. ಬಿಳಿ ಕಾರು ಸಾಲು ಮುರಿದು ಎಲ್ಲರಿಗಿಂತ ಮುಂದೆ ನುಗ್ಗಿ, ಹಡಗಿನ ಇಳಿಜಾರಿನ ಬಾಯಲ್ಲೇ ಇತ್ತು. ಇನ್ನೊಂದು ನಿಮಿಷ ಕಳೆದರೆ ಅಕ್ಕ ನೀರಿನ ಆಚೆ. ಆಮೇಲೆ ಅವಳು ಯಾರಿಗೂ ಸಿಗುವುದಿಲ್ಲ.

ವ್ಯಾನನ್ನು ಅಲ್ಲೇ ಬಿಟ್ಟು ಓಡಿದೆ. ಕೈಗೆ ಸಿಕ್ಕಿದ್ದು ಒಂದು ರಬ್ಬರ್ ಕಪ್ಪು.

ದಪ್ಪ ಮೀಸೆಯ ಗಾರ್ಡ್ ಕಾರಿನ ಕಿಟಕಿ ತಟ್ಟುತ್ತಿದ್ದ. “ಇಳೀರಿ. ಪೇಪರ್ ತೋರಿಸಿ.”

ಜಾಕೆಟ್ ಇಳಿದ. “ಎಷ್ಟು ಸಲ ತೋರಿಸ್ಬೇಕು ನಿಮಗೆ?” ಎಂದು ಕಿರುಚಿದ.

ಆ ಸಿಟ್ಟನ್ನೆಲ್ಲ ಬಾಗಿಲಿನ ಮೇಲೆ ತೀರಿಸಿಕೊಂಡ.

ಧಡಾರ್!

ಹಿಂದಿನ ಗ್ಲಾಸು ಮೆಲ್ಲಗೆ ಮೇಲೆದ್ದಿತು. ಒಂದು ಕ್ಷಣ ಯೋಚಿಸಿತು. ಆಮೇಲೆ ಇಡಿಯಾಗಿ ಜಾರಿ, ಬಂಪರಿಗೆ ಬಡಿದು, ಸಾವಿರ ಚೂರಾಗಿ ನೆಲಕ್ಕೆ ಸುರಿಯಿತು!

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಡಿಕ್ಕಿಯ ಹಲಗೆ ಹಾರಿಬಿತ್ತು. ಕೆದರಿದ ಕೂದಲು. ಬಾಯಿಯಿಂದ ಅರ್ಧ ಕಿತ್ತು ನೇತಾಡುವ ಪಟ್ಟಿ. ಕೈಯಲ್ಲಿ ಬ್ಲೇಡು. ನೂರು ಜನರ ಕಣ್ಣೆದುರು, ಹಾಡಹಗಲಿನಲ್ಲಿ, ಆ ಖಾಲಿ ಚೌಕಟ್ಟಿನಲ್ಲಿ ನನ್ನ ಅಕ್ಕ ಎದ್ದು ನಿಂತಳು!

“ಹಿಡೀರಿ ಅವನನ್ನ! ನನ್ನನ್ನ ಕದ್ದು ತಂದಿದಾನೆ!”

ಜಾಕೆಟ್‌ನ ಕೈ ಸೊಂಟಕ್ಕೆ ಹೋಯಿತು. ಪಿಸ್ತೂಲು ಹೊರಗೆ ಬಂತು. ನಾನು ಬೀಸಿದ ರಬ್ಬರ್ ಕಪ್ಪು ಅವನ ಮಣಿಕಟ್ಟಿಗೆ ಬಡಿಯಿತು. ಪಿಸ್ತೂಲು ನೀರಿಗೆ ಬಿತ್ತು. ಗಾರ್ಡ್ ತನ್ನ ಇಡೀ ತೂಕವನ್ನು ಅವನ ಮೇಲೆ ಇಳಿಸಿದ. ಉಳಿದದ್ದನ್ನು ಸಾಲಿನಲ್ಲಿ ಕಾದು ಬೇಸತ್ತಿದ್ದ ಜನ ನೋಡಿಕೊಂಡರು.

ಅಕ್ಕನನ್ನು ಕೈಹಿಡಿದು ಇಳಿಸಿದೆ. ಅವಳ ಮಣಿಕಟ್ಟಿನ ತುಂಬ ಹಗ್ಗದ ಗಾಯ.

“ಮೊದಲನೇ ಗ್ಲಾಸ್ ಒಡೆದವಳು ನೀನೇ ಅಲ್ವಾ?” ಎಂದೆ.

“ಮತ್ತೆ? ಆಗಿನ್ನೂ ಕಾಲು ಕಟ್ಟಿರ್ಲಿಲ್ಲ. ಹಲಗೆ ಎತ್ತಿ ಜಾಡಿಸಿ ಒದ್ದೆ.”

“ಊರೊಳಗೇ ಒದೀಬಹುದಿತ್ತಲ್ಲ?”

“ಊರೊಳಗೆ ಹತ್ತು ಗ್ಲಾಸ್ ಅಂಗಡಿ ಇದಾವೆ. ಫೆರ್ರಿಗೆ ಅಂತ ಇವರು ಮಾತಾಡ್ಕೊಂಡಿದ್ದು ಕೇಳಿಸ್ತು. ಜೆಟ್ಟಿ ರಸ್ತೆ ಶುರುವಲ್ಲಿರೋ ಸಕ್ಕರೆ ಗೋದಾಮಿನ ವಾಸನೆ ದಾಟೋ ತನಕ ಕಾದೆ. ಅದಾದ್ಮೇಲೆ ನಿಂದೊಂದೇ ಅಂಗಡಿ.”

ಎರಡು ವರ್ಷ ಸಿಟ್ಟಿಟ್ಟುಕೊಂಡವಳು, ಸಾಯುವ ಹೊತ್ತಿನಲ್ಲಿ ನನ್ನನ್ನೇ ನಂಬಿ ಕಾದಿದ್ದಳು. ಕಣ್ಣೀರು ಬಂತು. ಒರೆಸಿಕೊಳ್ಳಲೂ ಇಲ್ಲ.

ಪೊಲೀಸರು ಬರುವ ತನಕ ವ್ಯಾನಿನಲ್ಲಿ ಕೂತೆವು. ಅವಳು ಹೊರಗೆ ನೋಡುತ್ತ, ಬೆರಳಿನಿಂದ ಡ್ಯಾಶ್‌ಬೋರ್ಡಿಗೆ ತಟ್ಟಿದಳು.

ಟಕ್.

ಒಂದೇ ಸಲ.

ಮಾರನೆಯ ದಿನ ಕೋರ್ಟಿನಲ್ಲಿ ಒಂದಕ್ಷರವೂ ತಪ್ಪದೆ ಸಾಕ್ಷಿ ಹೇಳಿದಳು. ಹೊರಗೆ ಬಂದು ನನ್ನ ಬೆನ್ನು ತಟ್ಟಿದಳು. ಆಮೇಲೆ ಟ್ಯಾಕ್ಸಿ ಹತ್ತಿ, ಗ್ಲಾಸ್ ಹಾಕಿಸಲು ಬೇರೆ ಅಂಗಡಿಗೆ ಹೋದಳು!